ತಂತಿ ಬದಲಿಸಲೂ ಮುಹೂರ್ತ

ಅಗ್ನಿರೂಪನಾದ ಭಗವಂತನು ನಮ್ಮೆಲ್ಲರ ಮನೆಗಳಲ್ಲಿ ದೀಪವಾಗಿ ಮಾತ್ರ ನೆಲೆಸಲಿ. ಇಂದು ಆಷಾಢ ಬಹುಳ ಪಂಚಮಿ, ಗಜೇಂದ್ರಗಡ.

ಮಿತ್ರರೇ, ನಮ್ಮ ಓಣಿಯ ವೀರಪ್ಪನು ಬಾಡಿಗೆಗೆ ಕೊಟ್ಟ ಮನೆಯಲ್ಲಿ ನಿನ್ನೆ ವಿದ್ಯುತ್ ತಪಾಸಣೆ ನಡೆಯಿತು. ತಂತಿ ಸುಲಿದಿದೆ, ಅರ್ಥಿಂಗ್ ಇಲ್ಲವೇ ಇಲ್ಲ, ಗೋಡೆ ಒಡೆದು ಕೂಡಲೇ ಬದಲಿಸತಕ್ಕದ್ದು ಎಂದು ತಪಾಸಣೆಗೆ ಬಂದವರು ಬರೆದುಕೊಟ್ಟರು. ಆ ಪತ್ರವನ್ನು ಹಿಡಿದು ಅವನು ವೈರ್‌ಮನ್ನನ ಬಳಿಗೆ ಹೋಗಬೇಕಿತ್ತು. ಪಂಚಾಂಗ ನೋಡುವ ನನ್ನ ಬಳಿಗೆ ಬಂದನು.

"ಶಾಸ್ತ್ರಿಗಳ, ಆಷಾಢದಾಗ ಗ್ವಾಡಿ ಒಡೀಬಾರದಲ್ರಿ? ಶ್ರಾವಣದಾಗ ಒಂದು ಚಲೋ ದಿನಾ ನೋಡ್ರಿ."

ಹಿಂದೆಯೇ ಬಂದಿದ್ದ ಬಾಡಿಗೆದಾರಳು, ಸೀರೆ ನೇಯುವ ಗಂಗವ್ವ, ಸಿಡಿದಳು: "ನಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂದ್ರಾಕಿರಿ ಅಜ್ಜಾರ. ನೆಲ ಹಸಿ ಇರತೈತಿ. ನಿನ್ನಿ ಗ್ವಾಡಿ ಮುಟ್ಟಿದ್ರ ಕೈ ಜುಮ್ ಅಂತು. ಶ್ರಾವಣದ ತನಕ ಉಳಿತೀನೇನ್ರಿ?"

ನಾನು ಕೇಳಿದೆನು: "ವೀರಪ್ಪಾ, ಹೋದ ಅಮಾಸಿ ದಿನ ನಿಮ್ಮನಿ ಟೀವಿ ಬಂದ್ ಬಿದ್ದಾಗ ಯಾವ ಮುಹೂರ್ತ ನೋಡಿ ವೈರ್‌ಮನ್ನನ್ನ ಕರದಿ?"

"ಅವತ್ತ ಕ್ರಿಕೆಟ್ ಮ್ಯಾಚ್ ಇತ್ರಿ."

ಐವತ್ತು ವರ್ಷ ಪಂಚಾಂಗ ನೋಡಿದ ನನಗೆ, ಶಾಸ್ತ್ರವು ಇಷ್ಟು ಅನುಕೂಲಕರವೆಂದು ಇಂದೇ ತಿಳಿಯಿತು. ಗೃಹಾರಂಭಕ್ಕೆ ಮುಹೂರ್ತವುಂಟು, ಪ್ರಾಣರಕ್ಷಣೆಗಿಲ್ಲ. "ಇಂದು, ಈಗಲೇ; ಕೆಲಸ ಮುಗಿಯುವವರೆಗೆ ಮೇನ್ ಸ್ವಿಚ್ ಬಂದ್" ಎಂದು ಚೀಟಿ ಬರೆದುಕೊಟ್ಟೆನು.

ಅವನು ಬಾಗಿಲಲ್ಲಿ ನಿಂತನು. "ಈಗ ರಾಹುಕಾಲ ಐತಲ್ರಿ?"

"ರಾಹು ನಿನ್ನ ಗ್ವಾಡ್ಯಾಗ ಕುಂತಾನ, ಲಗೂ ಹೋಗು!"

ಗಂಗವ್ವನ ಕೈಗಳಿಗೆ ಕ್ಷೇಮವೂ, ವೈರ್‌ಮನ್ನನಿಗೆ ಒಣ ನೆಲವೂ, ವೀರಪ್ಪನಿಗೆ ಮುಂದಿನ ಮ್ಯಾಚಿಗೆ ಮೊದಲೇ ಸದ್ಬುದ್ಧಿಯೂ ಲಭಿಸಲಿ.