ಬಾಗಿಲುಗಳ ಫೋಟೋ ತೆಗೆದ ಬಾಡಿಗೆದಾರ

ಮನುಷ್ಯನ ಮನಸ್ಸು ಅಗಾಧವಾದುದು, ಅದರ ಆಳ ಕಂಡವರಿಲ್ಲ. ಯಲಬುರ್ಗಾದಲ್ಲಿ ಅಂಥದ್ದನ್ನು ಇಟ್ಟುಕೊಂಡವನಿಗೆ ಬಾಡಿಗೆ ಮನೆ ಸಿಗುವುದಿಲ್ಲ.

ಹೆಂಡತಿ ಬಡ್ತಿ ಪಡೆದು ಅಲ್ಲಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಳು. ಮೈಸೂರಿನಿಂದ ಅವಳ ಸಾಮಾನಿನ ಜೊತೆ ನಾನೂ ಬಂದೆ. ನನ್ನ ಖಿನ್ನತೆಯೂ ಬಂತು, ಅದಕ್ಕೆ ಲಾರಿಯಲ್ಲಿ ಜಾಗ ಕೇಳಬೇಕಾಗಲಿಲ್ಲ. ಕಾಯಿಲೆಯ ಹೆಸರು ಕೇಳಿ ಇಬ್ಬರು ಮಾಲೀಕರು ಬೀಗ ಹಾಕಿಕೊಂಡರು. ಮೂರನೆಯವರಾದ ಕಾಜಾಸಾಬರಿಗೆ ನಾವು ಏನೂ ಹೇಳಲಿಲ್ಲ.

ಕೊಪ್ಪಳದ ವೈದ್ಯರು, "ಬಾಯಿಲೆ ಹೇಳಾಕ ಆಗದಿದ್ರ ಫೋಟೋ ತಗೀರಿ. ಮುಂಜಾನೆ ನಿಮಗ ಜಗತ್ತು ಹೆಂಗ ಕಾಣತೈತಿ, ತೋರಸ್ರಿ" ಎಂದರು. ನನಗದು ಮುಚ್ಚಿದ ಬಾಗಿಲಿನಂತೆ ಕಾಣುತ್ತದೆ. ಹಾಗಾಗಿ ಓಣಿಯ ಬಾಗಿಲುಗಳತ್ತ ಹೊರಟೆ.

ಮೈಸೂರಿನಲ್ಲಾದರೆ ಪರದೆ ಸರಿಸಿ ನೋಡಿ ಸುಮ್ಮನಾಗುತ್ತಿದ್ದರು. ಇಲ್ಲಿ ಮನೆ ಮುಂದೆ ಫೋಟೋ ತೆಗೆಯುವವನೆಂದರೆ ಸರ್ಕಾರಿ ಮನೆ ಮಂಜೂರು ಮಾಡುವವನು. ಎದುರುಮನೆಯ ಶಿವವ್ವ ಕೂಗಿದಳು: "ನಿಂದ್ರರಿ ಸರ, ಹೊಸಾ ಸೀರಿ ಉಟ್ಕೊಂಡ ಬರ್ತೀನಿ. ಹೋದ ಸಲ ಮಾರಿ ಸರಿ ಬಂದಿಲ್ಲಂತ ಹೆಸರ ತಗದ್ರು." ಮಾರಿ ಎಂದರೆ ಇಲ್ಲಿ ಮುಖ, ನಮ್ಮ ಕಡೆ ಕುರಿ ಕೇಳುವ ದೇವತೆ.

ಆಧಾರ್ ಕಾರ್ಡನ್ನು ಎದೆಗೆ ಹಿಡಿದು ತಗಡಿನ ಬಾಗಿಲ ಮುಂದೆ ನಿಂತಳು. ಅವಳನ್ನು ನೋಡಿ ಉಳಿದವರೂ ನಿಂತರು. ನಾನು ಸರ್ಕಾರದವನಲ್ಲ ಎನ್ನಬೇಕಿತ್ತು. ಅದು ನನಗೆ ಮಾತು ಹೊರಡುವ ದಿನವಾಗಿರಲಿಲ್ಲ. ಹನ್ನೊಂದು ಮನೆಗಳ ಫೋಟೋ ತೆಗೆದೆ.

ವೈದ್ಯರು ಶಿವವ್ವನ ಚಿತ್ರ ನೋಡಿ, "ಇದರಾಗ ನಿಮ್ಮ ಜಡ್ಡು ಎಲ್ಲೈತ್ರಿ?" ಎಂದರು.

ಕಾರ್ಡು ಹಿಡಿದ ಅವಳ ಕೈ ತೋರಿಸಿದೆ. "ನಾನಿದ್ದೀನಿ ಅಂತ ದಿನಾ ಬೆಳಿಗ್ಗೆ ಹೀಗೇ ಪುರಾವೆ ಹಿಡ್ಕೊಂಡು ನಿಲ್ತೀನಿ ಡಾಕ್ಟ್ರೇ. ನೋಡಬೇಕಾದವರು ಬರೋದಿಲ್ಲ."

ಹನ್ನೆರಡು ವರ್ಷದ ಕಾಯಿಲೆಯಲ್ಲಿ ನಾನಾಡಿದ ಮೊದಲ ಉಪಯುಕ್ತ ವಾಕ್ಯ. ಆ ಹುಮ್ಮಸ್ಸಿನಲ್ಲಿ ಓಣಿಗೂ ನಿಜ ಹೇಳಿಬಿಟ್ಟೆ.

"ನಾ ಹೊಸಾ ಸೀರಿ ಉಟ್ಟು ಬಿಸಲಾಗ ನಿಂತಿದ್ದು ನಿನ್ನ ಹುಚ್ಚಿಗೇನು?" ಎಂದಳು ಶಿವವ್ವ. 'ಸರ' ಹೋಗಿತ್ತು.

ಸಂಜೆ ಕಾಜಾಸಾಬರು ಬಂದರು. "ತಲಿ ಕೆಡೋದು ಗುನ್ಹೆ ಅಲ್ರಿ ಸರ. ಹೇಳದ ಬಂದ್ರಲ್ಲ, ಅದು ಗುನ್ಹೆ. ಮನಿ ಖಾಲಿ ಮಾಡ್ರಿ."

"ಹೇಳಿದ್ದರೆ ಕೊಡ್ತಿದ್ರಾ?"

"ಇಲ್ರಿ."

ಮೈಸೂರಿನಲ್ಲಿ ಯಾರೂ ಹೀಗೆ ಬೈದವರಲ್ಲ. ಮದುವೆಗಳಿಗೆ ಹೆಂಡತಿಯೊಬ್ಬಳನ್ನೇ ಕರೆಯುತ್ತಿದ್ದರು. ಎರಡರಲ್ಲಿ ನನ್ನ ಊರು ಯಾವುದೆಂದು ಕೇಳಬೇಡಿ. ಎರಡನ್ನೂ ಕ್ಷಮಿಸಿಲ್ಲ, ಎರಡರ ಕನಸೂ ಬೀಳುತ್ತದೆ.

ತಿಂಗಳ ಕೊನೆಗೆ ಮನೆ ಬಿಟ್ಟು ಪಕ್ಕದ ಕುಕನೂರಿಗೆ ಬಂದೆವು. ಇಲ್ಲಿನ ಮಾಲೀಕರಿಗೆ ಮೊದಲೇ ಹೇಳಿದ್ದೇವೆ. ಹೆಂಡತಿ ದಿನಾ ಬಸ್ಸಿನಲ್ಲಿ ಯಲಬುರ್ಗಾದ ಶಾಲೆಗೆ ಹೋಗಿಬರುತ್ತಾಳೆ.