ಅಕ್ಕನ ಮಾರಿ ನೋಡಲು

ಅವ್ವನಿಗೆ ಪೊರೆ ಬಂದಿದ್ದಷ್ಟೇ ಅಲ್ಲ, ಕಣ್ಣಿನ ಮುಂಭಾಗದ ಉಬ್ಬೂ ವಾರೆಯಾಗಿತ್ತು. ಎದುರಿಗೆ ಕೂತವರ ಮುಖ ಒಂದು ಕಡೆ ಎಳೆದಂತೆ, ಕದಡಿದಂತೆ ಕಾಣುತ್ತಿತ್ತು. ಪೊರೆ ತೆಗೆಯುವಾಗಲೇ ಲೇಸರಿನಿಂದ ಸಣ್ಣ ಗೀರು ಹಾಕಿ ಆ ವಾರೆಯನ್ನೂ ಸರಿಮಾಡಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ಅವ್ವ ಹೂಂ ಅಂದದ್ದು ಒಂದೇ ಕಾರಣಕ್ಕೆ. ಯಾವಗಲ್ ಊರಿನಲ್ಲಿ ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಹಾಸಿಗೆ ಹಿಡಿದಿದ್ದಳು.

“ಅಕ್ಕನ ಮಾರಿ ಒಮ್ಮೆ ನೆಟ್ಟಗ ಕಂಡ್ರ ಸಾಕವ್ವಾ,” ಎನ್ನುತ್ತಿದ್ದಳು.

ಆಪರೇಶನ್ ಚೆನ್ನಾಗಿ ಆಯಿತು. ಅವಳನ್ನು ರೋಣದ ಮನೆಗೆ ಕರೆತಂದ ಮರುದಿನ ಮುಂಜಾನೆಯೇ ದೊಡ್ಡವ್ವ ಹೋದ ಸುದ್ದಿ ಬಂತು. ಅಣ್ಣ ನನ್ನನ್ನು ಹಿತ್ತಲಿಗೆ ಕರೆದ.

“ಅವ್ವಗ ಹೇಳಬ್ಯಾಡ. ಅತ್ತರ ಕಣ್ಣು ಕೆಡತಾವ. ನಾ ಒಬ್ಬನ ಮಣ್ಣಿಗೆ ಹೋಗಿಬರ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಯಾರ ಮುಖ ನೋಡಲೆಂದು ಕಣ್ಣು ಮಾಡಿಸಿಕೊಂಡಳೋ ಅವರ ಸಾವನ್ನೇ ಮುಚ್ಚಿಡುವುದೇ? ಆದರೆ ಕಣ್ಣು ಕೆಟ್ಟರೆ ಎಂಬ ಹೆದರಿಕೆ ನನಗೂ ಇತ್ತು. ಅತ್ತ ಮುಖ ತೊಳೆದುಕೊಂಡು ಅವಳ ಕಣ್ಣಿಗೆ ಹನಿ ಹಾಕಲು ಒಳಗೆ ಹೋದೆ.

ಅವ್ವ ತಲೆ ಹಿಂದಕ್ಕೆ ಒರಗಿಸಿ ನನ್ನನ್ನೇ ನೋಡಿದಳು.

“ಅತ್ತೀಯಲ್ಲ? ಮಾರಿ ಎಲ್ಲಾ ಬಾತೈತಿ,” ಎಂದಳು. ನನ್ನ ಕೈ ಹಿಡಿದು, “ಅಕ್ಕ ಹೋದ್ಲೇನ?” ಎಂದಳು.

“ಹೂಂ ಯವ್ವಾ, ಮುಂಜಾನೆ,” ಎಂದುಬಿಟ್ಟೆ.

“ನಡಿ ಮತ್ತ. ಸೀರಿ ಕೊಡು.”

ಅಣ್ಣ ಕೂಗಾಡತೊಡಗಿದ. ನಾನು ಅಲ್ಲೇ ನಿಂತು ದವಾಖಾನೆಗೆ ಫೋನ್ ಹಚ್ಚಿದೆ.

“ಅತ್ತರ ಏನೂ ಆಗಂಗಿಲ್ರಿ,” ಎಂದರು ಡಾಕ್ಟರು. “ಕಣ್ಣು ಉಜ್ಜಬಾರ್ದು, ಧೂಳು ಬೀಳಬಾರ್ದು, ಅಷ್ಟ. ಕರೀ ಕನ್ನಡಕ ಹಾಕಿ ಕರ್ಕೊಂಡು ಹೋಗ್ರಿ.” ಅಣ್ಣ ಗಾಡಿ ತರಲು ಹೋದ.

ಯಾವಗಲ್ಲಿನ ಮನೆಯಲ್ಲಿ ದೊಡ್ಡವ್ವನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಅವ್ವ ಎದುರಿಗೆ ಕೂತು ಕನ್ನಡಕ ತೆಗೆದಳು. ಅಕ್ಕನ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದಳು.

“ಅಯ್ಯ ಯವ್ವಾ, ಎಷ್ಟು ಸೊರಗ್ಯಾಳ! ಇಷ್ಟು ಮುದುಕಿ ಆಗಿದ್ಲಂತ ನನಗ ಯಾರೂ ಹೇಳಲಿಲ್ಲಲ್ಲ!”

ಆಗ ಅಳು ಒಡೆಯಿತು. ನಾನು ಅವಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದೆ. “ಅಳವ್ವಾ, ಎಷ್ಟು ಬೇಕಷ್ಟು ಅಳು. ಕೈ ಅಷ್ಟ ಕಣ್ಣಿಗೆ ಒಯ್ಯಬ್ಯಾಡ,” ಎಂದೆ. ನಾನೂ ಅಳುತ್ತಿದ್ದೆ.

ಅವ್ವ ಕೈ ಕೊಸರಿದಳು. ಅಕ್ಕನ ಗಲ್ಲ ಮುಟ್ಟಬೇಕಾಗಿತ್ತು ಅವಳಿಗೆ. ನಾನು ಬಿಟ್ಟೆ.