ಮನೆ ಬದಲಾದರೂ ಶಾಲೆ ತಪ್ಪಿಸದ ವ್ಯಾನಕ್ಕ

ಇನ್ನೂ ಬೆಳಕು ಹರಿದಿಲ್ಲ. ಬೀದಿಯ ಕೊನೆಯಲ್ಲಿ ನಿಂತ ಶಾಲಾ ವ್ಯಾನಿನ ಗಾಜನ್ನು ಐವತ್ತು ದಾಟಿದ ಹೆಂಗಸೊಬ್ಬರು ಹಳೇ ಬನಿಯನ್ ತುಂಡಿನಿಂದ ಒರೆಸುತ್ತಿದ್ದಾರೆ. ವ್ಯಾನಿನ ಬಾಗಿಲು ಸೊಂಟದಿಂದ ಗುದ್ದಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ. "ಇಬ್ರಿಗೂ ವಯಸ್ಸಾಯ್ತು. ಇದಕ್ಕೆ ಬಾಗಿಲು, ನನಗೆ ಮಂಡಿ" ಎಂದು ನಗುತ್ತಾರೆ. ವ್ಯಾನು ಓಡಿಸುವ ಇವರು ಮಕ್ಕಳ ಬಾಯಲ್ಲಿ ವ್ಯಾನಕ್ಕ.

ಈ ವ್ಯಾನು ಹತ್ತುವವರಲ್ಲಿ ಏಳು ಮಂದಿ ಸಾಕುಮನೆಗಳ ಮಕ್ಕಳು. ಹೆತ್ತವರು ಇಲ್ಲದೆಯೋ, ಇದ್ದೂ ನೋಡಿಕೊಳ್ಳಲಾಗದೆಯೋ ಬೇರೆ ಕುಟುಂಬಗಳ ಆಸರೆಯಲ್ಲಿ ಬೆಳೆಯುತ್ತಿರುವವರು. ಒಂದು ಮನೆ ಹೊಂದದಿದ್ದರೆ ಇನ್ನೊಂದು. ಮನೆಯ ಜೊತೆ ಶಾಲೆಯೂ ಬದಲಾಗುತ್ತದೆ. ಎಷ್ಟೋ ಮಕ್ಕಳ ಓದು ಹೈಸ್ಕೂಲಿನಲ್ಲೇ ಕೈಬಿಟ್ಟುಹೋಗುತ್ತದೆ. ವ್ಯಾನಕ್ಕ ಮಾಡುವುದಿಷ್ಟೇ: ಮಗು ಊರಿನ ಯಾವ ಮೂಲೆಗೆ ಹೋದರೂ ಹಳೇ ಶಾಲೆಗೇ ಕರೆತರಲು ಅತ್ತ ವ್ಯಾನು ತಿರುಗಿಸುತ್ತಾರೆ.

"ನನ್ನನ್ನೂ ಚಿಕ್ಕಮ್ಮನ ಮನೆ, ಮಾವನ ಮನೆ ಅಂತ ಓಡಾಡಿಸಿದ್ರು. ಒಂಬತ್ತನೇ ಕ್ಲಾಸಿಗೇ ಓದು ನಿಂತೋಯ್ತು. ಓದ್ಬೇಡ ಅಂತ ಯಾರೂ ಅನ್ಲಿಲ್ಲ ನೋಡಿ, ಕರ್ಕೊಂಡು ಹೋಗೋರೂ ಇರ್ಲಿಲ್ಲ."

ಕಳೆದ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಊರಿನ ಆಚೆ ತುದಿಯ ಮನೆಗೆ ಸೇರಿಸಿದರು. ಅದು ಅವಳ ಮೂರನೇ ಸಾಕುಮನೆ. ಮರುದಿನ ವ್ಯಾನು ಬಾಗಿಲಿಗೆ ಬಂದರೂ ಹುಡುಗಿ ಹೊರಬರಲಿಲ್ಲ. ಸಾಕುತಾಯಿಯ ಮುಖ ಬಾಡಿತ್ತು. "ಊಟಾನೂ ಮಾಡ್ಲಿಲ್ಲ ಅಕ್ಕಾ. ನಂಗೂ ಇದೆಲ್ಲ ಹೊಸದು, ಹೇಗೆ ಮಾತಾಡಿಸ್ಬೇಕೋ ತಿಳೀತಿಲ್ಲ."

ಉಳಿದ ಮಕ್ಕಳನ್ನು ಶಾಲೆಗೆ ಬಿಟ್ಟು ವ್ಯಾನಕ್ಕ ಮತ್ತೆ ಅಲ್ಲಿಗೇ ಬಂದರು. ಹುಡುಗಿಯ ಕೋಣೆಯ ಕಿಟಕಿಯ ಕೆಳಗೆ ಕೂತರು. ತುಂಬ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು: "ಇಲ್ಲಿಂದ್ಲೂ ಕಳಿಸ್ತಾರೆ. ಮತ್ಯಾಕೆ ಓದ್ಬೇಕು?"

"ಕಳಿಸಿದ್ರೆ ಅಲ್ಲಿಗೂ ಬರ್ತೀನಿ. ಬಂದು ಹಾರ್ನ್ ಹೊಡೀತೀನಿ. ನನ್ನಿಂದ ತಪ್ಪಿಸ್ಕೊಳ್ಳೋದು ಅಷ್ಟು ಸುಲಭ ಅಲ್ಲ ಕಣೇ."

ಅಂದು ಬಾಗಿಲು ತೆರೆಯಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ, ಯೂನಿಫಾರ್ಮ್ ಹಾಕಿಕೊಂಡು, ತಲೆಯನ್ನೂ ಬಾಚದೆ ಅವಳು ಗೇಟಿನ ಬಳಿ ನಿಂತಿದ್ದಳು. ವ್ಯಾನಕ್ಕ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಜಡೆ ಹೆಣೆದರು. ಸಾಕುತಾಯಿ ಬುತ್ತಿ ಹಿಡಿದು ಓಡಿಬಂದವರು, ಹೆಣೆಯುವುದನ್ನೇ ನೋಡುತ್ತ ನಿಂತರು. "ನಾಳೆಯಿಂದ ನಾನು ಹಾಕ್ಲಾ?" ಎಂದು ಮೆಲ್ಲಗೆ ಕೇಳಿದರು. ಹುಡುಗಿ ಹೂಂ ಎಂದು ತಲೆಯಾಡಿಸಿದಳು.

ಅವಳು ಪಾಸಾದಳು. ಈಗಲೂ ಅದೇ ಮನೆಯಲ್ಲಿದ್ದಾಳೆ, ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಾಳೆ.

ನಿಮ್ಮಾಸೆ ಏನು ಎಂದು ಕೇಳಿದರೆ ವ್ಯಾನಕ್ಕ ಸ್ವಲ್ಪ ನಾಚುತ್ತಾರೆ. "ಅವರೆಲ್ಲ ದೊಡ್ಡ ಮನುಷ್ಯರಾಗ್ಲಿ ಅಂತೇನಿಲ್ಲ. ಯಾರಾದ್ರೂ ಕೇಳಿದ್ರೆ 'ಇದು ನಮ್ ಸ್ಕೂಲು' ಅನ್ನೋಕೆ ಒಂದು ಜಾಗ ಇರ್ಲಿ. ಅಷ್ಟು ಸಾಕು."